ಸೈಕಲ್ಲಿನಲ್ಲಿ ಹೊರಟ ಲಗ್ನಪತ್ರಿಕೆ

ನಮ್ಮಪ್ಪ ಬದುಕಿದ್ದಷ್ಟು ದಿನವೂ ನಮ್ಮೂರಿನ ದಾರಿಗೆ ಟಾರು ಹಾಕಿಸಬೇಕು ಅಂತ ಬಡಿದಾಡಿದವರು. ಓಟು ಕೇಳೋಕೆ ಬಂದವರ ಜೀಪಿಗೆ ಅಡ್ಡ ನಿಂತು, "ಸ್ವಾಮಿ, ಈ ಜಲ್ಲಿ ಮೇಲೆ ಮನುಷ್ಯರು ಓಡಾಡ್ತಾರಾ? ನೀವೇ ಇಳಿದು ನಾಕ್ ಹೆಜ್ಜೆ ನಡೀರಿ ನೋಡೋಣ" ಅಂದವರು. ಅವರ ಚಪ್ಪಲಿ ಸವೆದ ಮೇಲೆ ಟಾರು ಬಂತು, ಆಮೇಲೆ ಏರ್‌ಪೋರ್ಟು ಬಂತು, ಆಮೇಲೆ ಟಾರಿನ ಮೇಲೆ ಟಾರು ಬಂತು. ಅಂಥವರ ಮಗನಾದ ನಾನು ಈಗ ಭಾನುವಾರ ಬಂತೆಂದರೆ ಟಾರಿಲ್ಲದ ದಾರಿ ಎಲ್ಲಾದರೂ ಉಳಿದುಕೊಂಡಿದೆಯಾ ಅಂತ ಹುಡುಕಿಕೊಂಡು ಹೋಗುತ್ತೇನೆ. ಇದಕ್ಕೆ ಗ್ರಾವೆಲ್ ಸೈಕ್ಲಿಂಗ್ ಅಂತ ಹೆಸರು. ಜಲ್ಲಿ, ಕೆಮ್ಮಣ್ಣು, ಗಾಡಿ ಜಾಡು, ಕೆರೆ ಏರಿ, ಬೆಟ್ಟದ ತಪ್ಪಲು, ನಡುನಡುವೆ ಹಳೇ ಕೋಟೆ, ಕಲ್ಯಾಣಿ, ವೀರಗಲ್ಲು. ಇವೆಲ್ಲ ಇದ್ದರೆ ಅದು ಒಳ್ಳೇ ರೂಟು. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ ನನಗೆ ಗೊತ್ತಿಲ್ಲ. ಅಂದಿದ್ದರೂ ಅದನ್ನಿಲ್ಲಿ ಬರೆಯುವ ಹಾಗೆ ಇರುತ್ತಿರಲಿಲ್ಲ.

ನಾನು ಆರ್.ಟಿ. ನಗರದಲ್ಲಿ ಪ್ಲೈವುಡ್ ಅಂಗಡಿ ಇಟ್ಟಿರುವ ಮುನಿರಾಜು. ಹುಟ್ಟಿದ್ದು ಚಿಕ್ಕಜಾಲದ ಮಗ್ಗುಲ ಹಳ್ಳಿಯಲ್ಲಿ. ಡಾಕ್ಟರು "ಸ್ವಲ್ಪ ವಾಕಿಂಗ್ ಮಾಡಿ" ಅಂದದ್ದನ್ನು ನಾನು ಸ್ವಲ್ಪ ಹೆಚ್ಚಾಗಿಯೇ ಮನಸ್ಸಿಗೆ ಹಚ್ಚಿಕೊಂಡು ದಪ್ಪ ಟೈರಿನ, ಟಗರಿನ ಕೊಂಬಿನ ಹಾಗೆ ಬಗ್ಗಿದ ಹ್ಯಾಂಡಲ್ಲಿನ ಸೈಕಲ್ಲು ತಂದುಬಿಟ್ಟೆ. ಹೆಬ್ಬಾಳದ ಕಡೆಯ ಹುಡುಗರ ಗುಂಪೊಂದು ನನ್ನನ್ನು ಸೇರಿಸಿಕೊಂಡಿತು. ಅದರ ಕ್ಯಾಪ್ಟನ್ ನವೀನ ಅಂತ, ಒಳ್ಳೇ ಹುಡುಗ, ಆದರೆ ಬಾಯಿ ಬಿಟ್ಟರೆ ಆವರೇಜ್ ಸ್ಪೀಡಿನ ಮಾತೇ. ದಾರಿಯಲ್ಲಿ ನವಿಲು ಕಂಡರೂ ಅವನು ಮೊದಲು ನೋಡುವುದು ಹ್ಯಾಂಡಲ್ಲಿನ ಮೇಲಿನ ಮೀಟರನ್ನು. ಗುಂಪಿನಲ್ಲಿ ನನ್ನ ಸ್ಥಾನ ಯಾವಾಗಲೂ ಖಾಯಂ. ಎಲ್ಲರೂ ಮುಟ್ಟಿ, ಫೋಟೋ ತೆಗೆದುಕೊಂಡು, ಬಾಳೆಹಣ್ಣು ತಿಂದು, ಸಿಪ್ಪೆ ಎಸೆಯುವುದಕ್ಕೆ ಜಾಗ ಹುಡುಕುತ್ತಿರುವಾಗ ನಾನು ಬರುತ್ತೇನೆ. "ಅಂಕಲ್ ಬಂದ್ರು, ಹೊರಡೋಣ" ಅನ್ನುತ್ತಾರೆ. ಸುಧಾರಿಸಿಕೊಳ್ಳುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿಲ್ಲ.

ಹೀಗಿರುವಾಗ ದೊಡ್ಡ ಮಗಳು ಚೈತ್ರಾಳ ಮದುವೆ ಗೊತ್ತಾಯಿತು. ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ. ನಮ್ಮ ಕಡೆ ಲಗ್ನಪತ್ರಿಕೆ ಕೊಡುವುದು ಅಂದರೆ ಮದುವೆ ಮಾಡುವುದಕ್ಕಿಂತ ದೊಡ್ಡ ಕೆಲಸ ಕಣ್ರೀ. ಪೋಸ್ಟು, ಕೊರಿಯರು ನಡೆಯುವುದಿಲ್ಲ. ಮೊಬೈಲಿಗೆ ಕಳಿಸಿದರೆ ಮೊಬೈಲಿಗೇ ಊಟ ಹಾಕಿ ಕಳಿಸು ಅಂತಾರೆ. ಮನೆಯವರೇ ಹೋಗಬೇಕು, ಕುಂಕುಮ ಇಡಬೇಕು, ಅಕ್ಷತೆ ಕೊಡಬೇಕು, ಕೂತು ಏನಾದರೂ ಬಾಯಿಗೆ ಹಾಕಿಕೊಂಡೇ ಏಳಬೇಕು. ಇದರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ನಮ್ಮ ಪಿಳ್ಳಮ್ಮತ್ತೆ. ಅಪ್ಪನ ಅಕ್ಕ, ಆವತಿ ಬೆಟ್ಟದ ಬುಡದಲ್ಲಿ ಅವಳ ಮನೆ. ನಮ್ಮ ವಂಶದ ಯಾವ ಮದುವೆಯಲ್ಲೂ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಮೊದಲು ಒನಕೆ ಹಿಡಿಯಬೇಕಾದವಳು ಅವಳು. ಆದರೆ ಇತ್ತೀಚೆಗೆ ಅವಳು ಮದುವೆಗಳಿಗೆ ಹೋಗುವುದನ್ನೇ ನಿಲ್ಲಿಸಿದ್ದಳು. ಕಾರಣ ಕೇಳಿದರೆ, "ಕಾರಾಗೆ ಬತ್ತಾರೆ, ಇಂಜನ್ನೂ ಆರ್ಸಲ್ಲ, ಪತ್ರಿಕೆ ಕೊಟ್ಟು ಓಯ್ತಾರೆ. ನಾನೇನು ಟೋಲ್ ಗೇಟಾ?" ಅಂದಿದ್ದಳಂತೆ. ಚೈತ್ರಾಗೆ ಈ ಅಜ್ಜಿ ಅಂದರೆ ಪ್ರಾಣ. ಚಿಕ್ಕವಳಿದ್ದಾಗ ಬೇಸಿಗೆಯೆಲ್ಲ ಅವಳ ಮಡಿಲಲ್ಲೇ ಕಳೆದವಳು. "ಅಪ್ಪ, ಅಜ್ಜಿ ಬರದಿದ್ರೆ ನನಗೆ ಅರಿಶಿನ ಶಾಸ್ತ್ರವೇ ಬೇಡ" ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ಮಗಳು ಅಳೋದು ನನ್ನಿಂದ ನೋಡೋಕಾಗಲ್ಲ. ಬರುವ ಭಾನುವಾರ ನಾನೇ ಹೋಗಿ ಕರೆದು ಬರುತ್ತೇನೆ ಅಂತ ಮಾತು ಕೊಟ್ಟೆ.

ಮಾತು ಕೊಟ್ಟದ್ದು ಸರಿ. ಆದರೆ ಅದೇ ಭಾನುವಾರವನ್ನು ನಾನು ಆಗಲೇ ನವೀನನಿಗೂ ಕೊಟ್ಟುಬಿಟ್ಟಿದ್ದೆ. ವರ್ಷದ ದೊಡ್ಡ ರೈಡು ಅದು: ಚಿಕ್ಕಜಾಲದ ಪಾಳು ಕೋಟೆ, ಅಲ್ಲಿಂದ ಒಳದಾರಿಗಳಲ್ಲಿ ದೇವನಹಳ್ಳಿ ಕೋಟೆ, ಕೊನೆಗೆ ಆವತಿ ಬೆಟ್ಟದ ಮೇಲಿನ ಗುಡಿ. ಭಾನುವಾರ ಬಿಟ್ಟು ಬೇರೆ ದಿನ ಹೋಗೋಣವೆಂದರೆ ಆ ವಾರವೇ ಧನುರ್ಮಾಸ ಶುರು. ಧನುರ್ಮಾಸದಲ್ಲಿ ಪತ್ರಿಕೆ ಕೊಡುವ ಹಾಗಿಲ್ಲ. ಕಾರು ತೆಗೆದುಕೊಂಡು ನನ್ನ ಹೆಂಡತಿ ಪದ್ಮ ಜಾಲಹಳ್ಳಿ ಕಡೆಯ ತನ್ನ ತವರಿನವರನ್ನು ಕರೆಯಲು ಹೊರಟಿದ್ದಳು. ಆಗ ನನಗೆ ಹೊಳೆದದ್ದನ್ನು ನಾನು ಈಗಲೂ ಬುದ್ಧಿವಂತಿಕೆ ಅಂತಲೇ ಹೇಳುತ್ತೇನೆ. ಈ ಹುಡುಗರು ನೋಡುವ ಒಂದೊಂದು ಕೋಟೆ, ಒಂದೊಂದು ಬೆಟ್ಟದ ಬುಡದಲ್ಲೂ ನಮ್ಮ ನೆಂಟರಿದ್ದಾರೆ. ಅವರು ಕೋಟೆ ನೋಡುವ ಹೊತ್ತಿಗೆ ನಾನು ನೆಂಟರನ್ನು ನೋಡಿದರೆ ಎರಡೂ ಮಾತು ಉಳಿಯುತ್ತದೆ.

ಪದ್ಮ ಒಲೆ ಆರಿಸಿ ನನ್ನ ಕಡೆ ತಿರುಗಿದಳು. "ಸೈಕಲ್ಲಲ್ಲಿ ಲಗ್ನಪತ್ರಿಕೆ ಕೊಡಕ್ಕೆ ಹೋಗ್ತೀರಾ? ಜನ ಏನಂದ್ಕೋತಾರೆ? ಅದೂ ಆ ಚಡ್ಡಿಯಲ್ಲಿ?" ಸೈಕಲ್ಲಿನವರ ಚಡ್ಡಿ ಮೈಗೆ ಬಣ್ಣ ಬಳಿದ ಹಾಗೆ ಅಂಟಿಕೊಂಡಿರುತ್ತದೆ. ಅದರಲ್ಲಿ ಅತ್ತೆಯ ಮುಂದೆ ನಿಲ್ಲುವುದಿರಲಿ, ಹೆಂಡತಿಯ ಮುಂದೆ ನಿಂತದ್ದಕ್ಕೇ ಒಂದು ವಾರ ಅನ್ನಿಸಿಕೊಂಡಿದ್ದೆ. ಕೊನೆಗೆ ಅವಳೇ ದಾರಿ ತೋರಿಸಿದಳು. ಸೀಟಿನ ಹಿಂದಿನ ಚೀಲದಲ್ಲಿ ಪತ್ರಿಕೆ, ಕುಂಕುಮದ ಭರಣಿ, ಅಕ್ಷತೆಯ ಪೊಟ್ಟಣ, ಇವುಗಳ ಮೇಲೆ ಇಸ್ತ್ರಿ ಮಾಡಿದ ಜರಿ ಪಂಚೆ. "ಊರು ಬಂದ ತಕ್ಷಣ ಉಟ್ಕೊಳ್ಳಿ. ಮರೆತು ಹಂಗೇ ಒಳಗೆ ಹೋದ್ರೆ ಮದುವೆ ಮುರಿದು ಬೀಳುತ್ತೆ" ಅಂದಳು.

ಭಾನುವಾರ ಬೆಳಗಿನ ಮಂಜಿನಲ್ಲಿ ಚಿಕ್ಕಜಾಲದ ಕೋಟೆ ಮುಟ್ಟಿದೆವು. ಹೆದ್ದಾರಿಯಲ್ಲಿ ವಿಮಾನ ಹಿಡಿಯುವವರ ಕಾರುಗಳು ಓಡುತ್ತಲೇ ಇದ್ದವು. ಪಕ್ಕದಲ್ಲೇ ಕಲ್ಲಿನ ಕಂಬಗಳು, ಮೆಟ್ಟಿಲ ಕಲ್ಯಾಣಿ, ಬೆಳೆದ ಹುಲ್ಲು. ಹುಡುಗರು ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ ಫೋಟೋಗೆ ನಿಂತರು. ನಾನು ಒಂದು ಕಂಬದ ಮರೆಗೆ ಹೋಗಿ ಚಡ್ಡಿಯ ಮೇಲೆ ಪಂಚೆ ಸುತ್ತಿಕೊಂಡು ಬಂದೆ. ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಹಳದಿ ಕನ್ನಡಕ, ಮೈಗೆ ಗಿಳಿಹಸಿರು ಜರ್ಸಿ, ಸೊಂಟಕ್ಕೆ ಜರಿ ಪಂಚೆ. ನವೀನ ನನ್ನನ್ನು ಕೆಳಗಿಂದ ಮೇಲಿನವರೆಗೂ ನೋಡಿ, "ಅಂಕಲ್, ಆರೋಗ್ಯವಾಗಿದೀರಾ?" ಅಂದ. ವಿಷಯ ಹೇಳಿದೆ. ಐದು ನಿಮಿಷದಲ್ಲಿ ಬಂದುಬಿಡುತ್ತೇನೆ ಅಂತಲೂ ಹೇಳಿದೆ. ನೆಂಟರ ಮನೆಯಿಂದ ಐದು ನಿಮಿಷದಲ್ಲಿ ಹೊರಬಂದವರು ನಮ್ಮ ವಂಶದಲ್ಲಿ ಯಾರೂ ಇಲ್ಲ ಅನ್ನುವುದು ಆ ಹುಡುಗನಿಗೆ ಹೇಗೆ ಗೊತ್ತಿರಬೇಕು.

ಮೊದಲ ಮನೆ ಚಿಕ್ಕಪ್ಪನ ಮಗ ಕೆಂಪಣ್ಣನದು. ಹೊಲವಿದ್ದ ಕಡೆ ಅಪಾರ್ಟ್‌ಮೆಂಟ್ ಎಬ್ಬಿಸಿ ಈಗ ಬಿಲ್ಡರ್ ಆಗಿದ್ದಾನೆ. ಮನೆಗಿಂತ ಎತ್ತರ ಗೇಟು. ಅವನು ನನ್ನ ಹಿಂದೆ ಕಾರು ಹುಡುಕಿದ, ಬೀದಿಯ ಕೊನೆ ತನಕ ನೋಡಿದ, ಮುಖ ಸಣ್ಣದು ಮಾಡಿಕೊಂಡು, "ಅಣ್ಣ, ಎಲ್ಲಾ ಚೆನ್ನಾಗೈತಾ? ಏನಾದ್ರೂ ತೊಂದ್ರೆ ಇದ್ರೆ ನನ್ ತಾವ ಏಳು" ಅಂದ. ನನ್ನ ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ, ಬಾಯಿ ತುಂಬ ಬಾಟಲಿಯ ನೀರು. ಅಷ್ಟರಲ್ಲಿ ಅವನ ಹೆಂಡತಿ ರತ್ನ ಒಳಗಿಂದ ಬಂದು, ನನ್ನ ಬೆವರು, ಪಂಚೆ, ಸೈಕಲ್ಲು, ಕೈಯಲ್ಲಿದ್ದ ಕುಂಕುಮದ ಭರಣಿ ಎಲ್ಲವನ್ನೂ ಒಟ್ಟಿಗೆ ನೋಡಿ ಕೈಮುಗಿದುಬಿಟ್ಟಳು. "ಅರಕೆನಾ ಭಾವ? ಮಗಳ ಮದ್ವೆಗೆ ಸೈಕಲ್ ತುಳ್ಕೊಂಡು ಪತ್ರಿಕೆ ಕೊಡ್ತೀನಿ ಅಂತ ಅರಕೆ ಒತ್ತಿದೀರಾ?" ನಾನು ನೀರು ನುಂಗುವುದಕ್ಕೆ ತಲೆ ಅಲ್ಲಾಡಿಸಿದೆ. ಆ ಅಲ್ಲಾಟ ಯಾವ ಕಡೆಗೆ ಹೋಯಿತೋ, ಕೆಂಪಣ್ಣನ ಮುಖದಲ್ಲಿದ್ದ ಕನಿಕರ ಹೋಗಿ ಭಕ್ತಿ ಬಂತು. ಅಲ್ಲಮ್ಮಾ, ನನಗೆ ಸೈಕಲ್ ಹುಚ್ಚು ಅಷ್ಟೇ ಅಂತ ಹೇಳಬಹುದಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಒಬ್ಬ ಬಿಲ್ಡರ್ ಪ್ಲೈವುಡ್ ಅಂಗಡಿಯವನಿಗೆ ಕೈಮುಗಿಯುತ್ತಿದ್ದಾನೆ. ನಾನು ಸುಮ್ಮನಾದೆ.

ಹರಕೆ ಹೊತ್ತವನ ಜೊತೆ ಬಂದವರನ್ನು ಬೀದಿಯಲ್ಲಿ ನಿಲ್ಲಿಸುವುದು ಉಂಟೇ? ಕೋಟೆಯ ಹತ್ತಿರ ನಿಂತಿದ್ದ ಹುಡುಗರನ್ನೆಲ್ಲ ಕೆಂಪಣ್ಣ ಎಳೆದುಕೊಂಡು ಬಂದ. ಅವರೆಕಾಯಿಯ ಕಾಲ. ರತ್ನಳ ಮನೆಯಲ್ಲಿ ಹಿತಕಬೇಳೆ ಸಾರು ಕುದಿಯುತ್ತಿತ್ತು. ಅದರ ವಾಸನೆಗೆ ಸತ್ತವನೂ ಎದ್ದು ಎಲೆ ಮುಂದೆ ಕೂರಬೇಕು. ನಾನೂ ಕೂತೆ. ರತ್ನ ನನ್ನನ್ನು ಮಾತ್ರ ಎಬ್ಬಿಸಿದಳು. "ಅಯ್ಯೋ ಭಾವ, ಅರಕೆ ತೀರೋಗಂಟ ನೀವು ಉಣ್ಣಂಗಿಲ್ಲ" ಅಂತ ಒಂದು ಲೋಟ ನೀರು ಮಜ್ಜಿಗೆ ಕೊಟ್ಟಳು. ನವೀನ ಮುದ್ದೆ ಮುರಿಯುವುದನ್ನು ನಾನು ಮಜ್ಜಿಗೆ ಕುಡಿಯುತ್ತಾ ನೋಡಿದೆ. ಸುಳ್ಳಿಗೆ ಶಿಕ್ಷೆ ಇಷ್ಟು ಬೇಗ, ಇಷ್ಟು ರುಚಿಯಾದ ರೂಪದಲ್ಲಿ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ನಾವು ಮುಂದಿನ ಹಳ್ಳಿಯ ಗಾಡಿ ಜಾಡು ಹಿಡಿಯುವುದಕ್ಕಿಂತ ಮೊದಲೇ ರತ್ನಳ ಫೋನು ಅಲ್ಲಿಗೆ ಮುಟ್ಟಿತ್ತು. ಊರಬಾಗಿಲಲ್ಲಿ ಹೆಂಗಸರು ತಂಬಿಗೆ ಹಿಡಿದು ನಿಂತಿದ್ದರು. ನನ್ನ ಶೂಗಳ ಮೇಲೆಯೇ ನೀರು ಸುರಿದು ಕಾಲು ತೊಳೆದರು. ಸೈಕಲ್ಲಿನ ಟೈರಿಗೆ ನಿಂಬೆಹಣ್ಣು ಇಟ್ಟರು, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಹಾಕಿದರು. ನವೀನನ ಮೀಟರಿಗೂ ಅರಿಶಿನ ಕುಂಕುಮ ಬಿತ್ತು. ಹುಡುಗರಿಗೆ ಒಬ್ಬಟ್ಟು, ಮೇಲೆ ತುಪ್ಪ. ನನಗೆ ಮಜ್ಜಿಗೆ. ದೇವನಹಳ್ಳಿ ಕೋಟೆಯ ಬಾಗಿಲಲ್ಲಿ ಸೋದರಮಾವನ ಮಗ ಕಾದು ನಿಂತಿದ್ದ. ಕೋಟೆಯ ಒಳಬೀದಿಯಲ್ಲೇ ಅವನ ಮನೆ. ಹುಡುಗರಿಗೆ ಮತ್ತೆ ಅವರೆಕಾಯಿ, ಈ ಸಲ ಉಪ್ಪಿಟ್ಟಿನಲ್ಲಿ. ನನಗೆ ಮತ್ತೆ ಮಜ್ಜಿಗೆ. "ಅಂಕಲ್, ಆವರೇಜ್ ಹಾಳಾಗ್ಹೋಯ್ತು" ಅಂತ ನವೀನ ಹೊಟ್ಟೆ ಸವರಿಕೊಳ್ಳುತ್ತಾ ಗೊಣಗಿದ. ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುವ ಜನ ನಮ್ಮವರು. ಗುಂಪಿನಲ್ಲಿ ಮೊದಲ ಸಲ ಎಲ್ಲರೂ ನನ್ನ ಹಿಂದೆ ಬರತೊಡಗಿದರು. ಹೆಮ್ಮೆ ಆಯಿತು, ಸುಳ್ಳು ಹೇಳಬಾರದು. ಆದರೆ ಹೊಟ್ಟೆಯೊಳಗೆ ಹಸಿವಿನ ಜೊತೆಗೆ ಭಯವೂ ಸೇರಿಕೊಂಡಿತ್ತು. ಇವರನ್ನೆಲ್ಲ ನಂಬಿಸಬಹುದು. ಪಿಳ್ಳಮ್ಮತ್ತೆಯ ಮುಂದೆ ನಿಂತು ಹರಕೆ ಅಂತ ಹೇಳುವ ಎದೆ ನನಗಿರಲಿಲ್ಲ. ಸುಳ್ಳು ಅಂತ ಗೊತ್ತಾದರೆ ಅವಳು ಮದುವೆಗೆ ಬರುವ ಮಾತು ಹಾಗಿರಲಿ, ನನ್ನನ್ನು ಹೊಸಲು ದಾಟಲೂ ಬಿಡುವುದಿಲ್ಲ.

ಆವತಿ ಮುಟ್ಟಿದಾಗ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಊರಿನ ಅರ್ಧ ಜನ ಅಲ್ಲಿ ನೆರೆದಿದ್ದರು. ನಾನು ಅವಳ ಕಾಲಿಗೆ ಬಿದ್ದೆ. ಅವಳು ನನ್ನ ಹೆಲ್ಮೆಟ್ಟನ್ನು ಗಡಿಗೆ ತಟ್ಟುವ ಹಾಗೆ ಬೆರಳಲ್ಲಿ ತಟ್ಟಿ, "ಅರಕೆಯಂತೆ. ಯಾವ ದೇವರ್ಗೆ ಒತ್ತಿದ್ದೆ?" ಅಂದಳು. ಸುಲಿಯುವ ಕೈ ನಿಲ್ಲಲಿಲ್ಲ. ಮಗಳ ಕಣ್ಣೀರು ನೆನಪಾಯಿತು. ಇದ್ದದ್ದನ್ನು ಇದ್ದ ಹಾಗೆ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿಬಿಟ್ಟೆ. "ಹರಕೆ ಇಲ್ಲ ಅತ್ತೆ. ಒಂದೇ ಭಾನುವಾರವನ್ನ ಎರಡು ಕಡೆ ಒಪ್ಪಿಕೊಂಡಿದ್ದೆ. ಕಾರು ಪದ್ಮ ತಗೊಂಡು ಹೋದ್ಲು. ನನಗೆ ಈ ಸೈಕಲ್ ಅಂದ್ರೆ ಹುಚ್ಚು. ಅವರೇ ಹರಕೆ ಅಂದ್ಕೊಂಡ್ರು, ನಾನು ಸುಮ್ಮನಿದ್ದುಬಿಟ್ಟೆ. ನೀನು ಬರದಿದ್ರೆ ಚೈತ್ರಾ ಅರಿಶಿನ ಹಚ್ಚಿಸ್ಕೊಳ್ಳಲ್ಲ ಅಂತಾಳೆ."

ಅತ್ತೆ ಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ನನ್ನ ಒದ್ದೆ ಜರ್ಸಿಯನ್ನು, ಮಣ್ಣು ಮೆತ್ತಿದ ಪಂಚೆಯ ಅಂಚನ್ನು ನೋಡಿದಳು. "ಇಂಜನ್ನು ಆರ್ಸೋ ತಾಪತ್ರಯ ನಿಂಗಿಲ್ಲ, ಅದೊಂದು ಸಂತೋಷ" ಅಂದಳು. ಆಮೇಲೆ ದನಿ ತಗ್ಗಿಸಿದಳು. "ಊರೂರೇ ಅರಕೆ ಅಂತ ನಂಬ್ಕೊಂಡು ನಿನ್ ಕಾಲು ತೊಳ್ದವ್ರೆ. ಅವರ ಮಾತು ಸುಳ್ಳಾಗ್ಬಾರ್ದು. ಆ ಅರಕೆ ಈಗ ಒತ್ಕೋ. ಬೆಟ್ಟದ ಇಂದ್ಗಡೆ ಜಲ್ಲಿ ದಾರಿ ಐತಲ್ಲ, ಕಾಲು ನೆಲಕ್ಕೆ ಸೋಕಿಸ್ದಂಗೆ ಗುಡಿ ತಂಕ ಸೈಕಲ್ ತುಳ್ಕೊಂಡೇ ಅತ್ತು. ಅತ್ತಿದ್ರೆ ನಾನು ಮದ್ವೆಗೆ ಒಂದ್ ವಾರ ಮುಂಚೇನೇ ಬತ್ತೀನಿ. ಕಾಲು ಇಟ್ಯೋ, ಆ ಪತ್ರಿಕೆ ನಿನ್ ಚೀಲ್ದಾಗೇ ಮಡಿಕ್ಕೋ." ಚಡ್ಡಿಯಲ್ಲಿ ಹತ್ತುತ್ತೇನೆ ಅಂದದ್ದಕ್ಕೆ, "ದೇವರ ಬೆಟ್ಟ ಕಣೋ, ಪಂಚೆ ಬಿಚ್ಚಿದ್ರೆ ನೋಡು" ಅಂತ ಗದರಿದಳು. ನಾನು ಕಚ್ಚೆ ಕಟ್ಟಿದೆ.

ಆ ದಾರಿಯನ್ನು ಹುಡುಗರು ತಿಂಗಳಿಂದ ಮಾತಾಡಿಕೊಳ್ಳುತ್ತಿದ್ದರು. ಬಿಡಿ ಜಲ್ಲಿ, ನಡುವೆ ಬಂಡೆ, ಕೊನೆಯ ತಿರುವಿನಲ್ಲಿ ಗೋಡೆಯ ಹಾಗೆ ಏರು. ನವೀನ ಮೊದಲು ಹೊರಟ, ಅವನ ಹಿಂದೆ ಉಳಿದವರು, ಅವರ ಹಿಂದೆ ಕಚ್ಚೆ ಪಂಚೆಯ ನಾನು, ನನ್ನ ಹಿಂದೆ ಟ್ರ್ಯಾಕ್ಟರು. ಹೌದು, ಟ್ರ್ಯಾಕ್ಟರು. ಅತ್ತೆಯ ಮಗ ಓಡಿಸುತ್ತಿದ್ದ. ಟ್ರೇಲರಿನಲ್ಲಿ ಗೋಣಿಚೀಲದ ಮೇಲೆ ಅತ್ತೆ, ಸುತ್ತ ಊರಿನ ಹೆಂಗಸರು. ನನ್ನ ಕಾಲಿನ ಮೇಲೆ ಕಣ್ಣಿಡುವುದಕ್ಕೆ ಅವಳು ಬಂದದ್ದು. ಉಳಿದವರು ಸೋಬಾನೆ ಹಾಡುವುದಕ್ಕೆ. ಹಿಂದೆ ಅಷ್ಟು ಜನ ಹಾಡುತ್ತಿದ್ದರೆ ನಿಲ್ಲುವುದು ಎಷ್ಟು ಕಷ್ಟ ಅನ್ನುವುದು ಮದುಮಗನಿಗೂ ನನಗೂ ಮಾತ್ರ ಗೊತ್ತು.

ಮೊದಲ ತಿರುವಿನಲ್ಲಿ ಒಬ್ಬ ಸೈಕಲ್ ಇಳಿದು ಬಂಡೆಯ ಮೇಲೆ ಕೂತ. ಹಿತಕಬೇಳೆ ತನ್ನ ಕೆಲಸ ಶುರು ಮಾಡಿತ್ತು. ಮುಂದಿನ ತಿರುವಿನಲ್ಲಿ ಇನ್ನಿಬ್ಬರು ಒಬ್ಬಟ್ಟಿಗೆ ಶರಣಾಗಿ ನಿಂತಿದ್ದರು. ನನ್ನ ಹೊಟ್ಟೆಯಲ್ಲಿ ಮಜ್ಜಿಗೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಹಗುರಾಗಿದ್ದೆ. ಜಲ್ಲಿಯ ಮೇಲೆ ಹೇಗೆ ಹೋಗಬೇಕು ಅನ್ನುವುದು, ಟಾರು ಬರುವ ಮುಂಚಿನ ನಮ್ಮೂರಿನ ದಾರಿಯಲ್ಲಿ ಬಾಡಿಗೆ ಸೈಕಲ್ ಕಲಿತ ಕಾಲಿಗೆ ಹೇಳಿಕೊಡಬೇಕಾಗಿರಲಿಲ್ಲ. ಕೊನೆಯ ಏರಿನಲ್ಲಿ ನವೀನ ಸೈಕಲ್ಲು ತಳ್ಳಿಕೊಂಡು ನಡೆಯುತ್ತಿದ್ದ, ಮುಖ ಬೆಳ್ಳಗಾಗಿತ್ತು. "ಅಂಕಲ್, ಆ ಉಪ್ಪಿಟ್ಟು ತಿನ್ನಬಾರ್ದಿತ್ತು" ಅಂದ. ನಾನು ಅವನನ್ನು ದಾಟಿ ತುಳಿದೆ. ಅಲ್ಲೇ ನನ್ನ ಹಿಂದಿನ ಚಕ್ರ ಜಾರಿತು. ಸೈಕಲ್ಲು ಅಡ್ಡಡ್ಡ ಓಡಿತು, ಪಂಚೆಯ ಅಂಚು ಚೈನಿಗೆ ಸಿಕ್ಕಿ ಪರ್ರ್ ಅಂತು. ಸೋಬಾನೆ ನಿಂತುಹೋಯಿತು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಕಾಲು ಇಟ್ಟೀಯಾ ಜೋಕೆ. ನನ್ ಮೊಮ್ಮಗಳು ಕಾಯ್ತಾವ್ಳೆ ಅಲ್ಲಿ." ಅವಳಿಗೂ ಬರಬೇಕು ಅಂತ ಆಸೆ ಇದೆ ಅನ್ನುವುದು ನನಗೆ ಆಗ ಗೊತ್ತಾಯಿತು. ಎಲ್ಲಿತ್ತೋ ಆ ಶಕ್ತಿ, ಹಲ್ಲು ಕಚ್ಚಿ ತುಳಿದೆ. ಪಂಚೆ ಒಂದು ಗೇಣು ಹರಿದು ಚೈನಿನಲ್ಲಿ ಉಳಿಯಿತು, ನಾನು ಮೇಲೆ ಹೋದೆ.

ಗುಡಿಯ ಮುಂದೆ ಸೈಕಲ್ಲು ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ನೆನಪಾಯಿತು, ನಮ್ಮ ಶೂಗಳು ಪೆಡಲ್ಲಿಗೆ ಕಚ್ಚಿಕೊಂಡಿರುತ್ತವೆ, ಹಿಮ್ಮಡಿ ತಿರುವಿ ಬಿಡಿಸಿಕೊಳ್ಳಬೇಕು. ಆ ಹೊತ್ತಿಗೆ ಹಿಮ್ಮಡಿ ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಕಡಿದ ಬಾಳೆಗಿಡದ ಹಾಗೆ ನಿಧಾನವಾಗಿ ಮಗ್ಗುಲಿಗೆ ವಾಲಿ, ಸೈಕಲ್ಲು ಸಮೇತ, ಗುಡಿಯ ಬಾಗಿಲಿಗೆ ನೇರವಾಗಿ ಮಕಾಡೆ ಬಿದ್ದೆ. ಏಳಲಾಗಲಿಲ್ಲ. ಕೈ ಎರಡೂ ಮುಂದಕ್ಕೆ ಚಾಚಿದ್ದವು. ಟ್ರ್ಯಾಕ್ಟರಿನಿಂದ ಇಳಿದ ಹೆಂಗಸರು, "ಏನು ಭಕ್ತಿ, ಸೈಕಲ್ಲನ್ನೂ ಸೇರಿಸಿ ದಿಂಡು ನಮಸ್ಕಾರ ಹಾಕ್ಬಿಟ್ರಲ್ಲ" ಅಂತ ಕೈಮುಗಿದರು. ಪೂಜಾರಿ ಗಂಟೆ ಬಾರಿಸಿದ. ನಾನು ಇನ್ನೂ ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ. ಅಂಥ ಸುಖವಾದ ನೆಲವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅತ್ತೆ ಮಾತ್ರ ಬಗ್ಗಿ ಕಿವಿಯಲ್ಲಿ, "ಏಳು ಸಾಕು, ಬಿದ್ದಿದ್ದು ನಂಗೆ ಗೊತ್ತು" ಅಂದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಎರಡೂ ಕೈ ಚಾಚಿ ಪತ್ರಿಕೆ ತೆಗೆದುಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು, ನನ್ನದೂ. ಆ ದಿನ ಗುಡಿಗೆ ಸೈಕಲ್ಲಿನ ಮೇಲೆ ಕೂತು ಬಂದವನು ನಾನೊಬ್ಬನೇ. ಸೈಕಲ್ಲು ತಳ್ಳಿಕೊಂಡು ಬಂದ ನವೀನನಿಗೆ ನಾನು ಒಂದು ಬಾಳೆಹಣ್ಣು ಕೊಟ್ಟು, "ಬಂದ್ಯಾ ಮಗಾ, ಹೊರಡೋಣ" ಅಂದೆ. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಅದು.

ಅತ್ತೆ ಹೇಳಿದ ಹಾಗೆಯೇ ಒಂದು ವಾರ ಮೊದಲೇ ಬಂದಳು. ಒನಕೆ ಹಿಡಿದಳು, ಚೈತ್ರಾಳ ಕೆನ್ನೆಗೆ ಅರಿಶಿನ ಹಚ್ಚಿ ಇಬ್ಬರೂ ತಬ್ಬಿಕೊಂಡು ಅತ್ತರು, ಪದ್ಮಳೂ ಅತ್ತಳು. ಮದುವೆ ಭರ್ಜರಿಯಾಗಿ ಆಯಿತು. ಎಲ್ಲ ಮುಗಿದು ನೆಂಟರೆಲ್ಲ ಕೂತಿದ್ದಾಗ ಅತ್ತೆ ಎಲೆಯಡಿಕೆ ಹಾಕಿಕೊಂಡು ಒಂದು ಮಾತು ಹೇಳಿದಳು. "ನೋಡ್ರಪ್ಪ, ಇನ್ಮೇಲೆ ನಮ್ ವಂಶ್ದಾಗೆ ಮದ್ವೆ ಪತ್ರಿಕೇನ ಗಂಡಸ್ರು ಸೈಕಲ್ ತುಳ್ಕೊಂಡೇ ಕೊಡ್ಬೇಕು. ಬೀಗರ ಮನೇಗೂ ಅಂಗೇ ಓಗ್ಬೇಕು. ಮುನಿರಾಜ ತೋರ್ಸವ್ನೆ." ಕೆಂಪಣ್ಣ ತನ್ನ ಹೊಟ್ಟೆಯನ್ನು ನೋಡಿಕೊಂಡು ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನಮ್ಮ ವಂಶದಲ್ಲಿ ಒಂದು ಸಂಪ್ರದಾಯ ಹುಟ್ಟುಹಾಕಿದವನು ನಾನು. ಅಂಗಡಿಗೆ ಬಂದವರಿಗೆಲ್ಲ ಪ್ಲೈವುಡ್ ತೋರಿಸುವ ಮುಂಚೆ ಇದನ್ನು ಹೇಳುತ್ತೇನೆ.

ಈಗ ಚಿಕ್ಕ ಮಗಳಿಗೆ ಗಂಡು ನೋಡುತ್ತಿದ್ದೇವೆ. ಹೋದ ವಾರ ಒಂದು ಒಳ್ಳೇ ಸಂಬಂಧ ಬಂತು. ಹುಡುಗ ಓದಿದವನು, ಗುಣವಂತ, ಜಾತಕವೂ ಕೂಡಿದೆ, ಪದ್ಮ ಒಪ್ಪಿದ್ದಾಳೆ, ಮಗಳ ಮುಖವೂ ಅರಳಿದೆ, ಪಿಳ್ಳಮ್ಮತ್ತೆಗೆ ಫೋನೂ ಹೋಗಿದೆ. ನಾನೊಬ್ಬನೇ ಇನ್ನೂ ಬಾಯಿ ಬಿಟ್ಟಿಲ್ಲ. ಹುಡುಗನ ಮನೆ ಮಡಿಕೇರಿಯಲ್ಲಂತೆ.